ಸಾವಧಾನ್

ಮೂವತ್ತೊಂದು ವರ್ಷ ನನ್ನ ಕೊರಳಲ್ಲಿದ್ದದ್ದು
ತಾಳಿಯಲ್ಲ, ಸೀಟಿ.
ಹಿತ್ತಾಳೆಯದು. ಬಾಯಿಗಿಟ್ಟರೆ
ಬೆಳಗಿನ ಚಳಿಯೆಲ್ಲ ನಾಲಿಗೆಗೆ ತಾಗುತ್ತಿತ್ತು.
ಪೀಟಿ ಸಿಸಿಲಿಯಾ ಅಂದರೆ
ದುರ್ಗಿಗುಡಿಯಿಂದ ವಿನೋಬನಗರದವರೆಗೆ
ಇವತ್ತಿಗೂ ಒಂದಷ್ಟು ಬೆನ್ನುಗಳು
ತಾವಾಗಿಯೇ ನೆಟ್ಟಗಾಗುತ್ತವೆ.

ನನ್ನದು ಮಾತ್ರ ಆಗುವುದಿಲ್ಲ.

ಗೊತ್ತಾದದ್ದು ಗಾಂಧಿ ಬಜಾರಿನ ಬಾಯಲ್ಲಿ,
ಒಂದು ಶುಕ್ರವಾರ, ಬಿಳಿ ಮಾರುತಿಯನ್ನು ರಿವರ್ಸ್ ತೆಗೆಯುವಾಗ.
ಕನ್ನಡಿ, ಪಾಪ, ತನಗೆ ಕಂಡಷ್ಟು ಹೇಳಿತು.
ಉಳಿದದ್ದನ್ನು ನೋಡಬೇಕಾದ ಕತ್ತು
ಅರ್ಧಕ್ಕೇ ನಿಂತುಬಿಟ್ಟಿತು,
ಲಾಂಗ್ ಜಂಪಿಗೆಂದು ಓಡಿ ಬಂದ ಹೊಸ ಹುಡುಗಿ
ಗೆರೆಯ ಹತ್ತಿರ ಬೆಪ್ಪಾಗಿ ನಿಲ್ಲುವಂತೆ.
ಟಕ್.
ಆಮೇಲೆ ರಸ್ತೆ ತುಂಬ ನಿಂಬೆಹಣ್ಣು.

ಕಾರು ಕೊಂಡ ದಿನ ನಾಲ್ಕು ಚಕ್ರಕ್ಕೆ ನಾಲ್ಕು ಇಟ್ಟಿದ್ದಳು ಭಾಗೀರಥಿ,
'ನಿಮ್ಮ ಏಸುವಿಗೆ ನಾನ್ ಹೇಳ್ಕೊಳ್ತೀನಿ, ನೀನು ಸುಮ್ನೆ ಹತ್ಸು' ಅಂತ.
ಈಗ ಎಷ್ಟು ಹತ್ತಿಸಿದೆನೋ, ಲೆಕ್ಕವಿಲ್ಲ.
ಬಗ್ಗಿ ಹೆಕ್ಕುತ್ತಿದ್ದವನು ತಲೆಯೆತ್ತಿದ:
ಏಳನೇ ಬಿ, ಕಬಡ್ಡಿ, ಎಡ ಕಾರ್ನರ್, ಇಮ್ತಿಯಾಜ್.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
'ಪೀಛೇ ಮುಡ್ ಅಂತ ನೀವೇ ಕಲ್ಸಿದ್ದು ಟೀಚರ್,
ನೀವೇ ತಿರುಗಿ ನೋಡ್ಲಿಲ್ವಾ?'

ಗಾಡಿಯ ಆ ಪಕ್ಕ, ಮಣೆಯ ಮೇಲೆ, ಅವನ ಮೊಮ್ಮಗಳು
ಬಿಸ್ಕತ್ತು ತಿನ್ನುತ್ತಾ ಕೂತಿದ್ದಳು.
ಒಂದು ಮೊಳ.
ಭಾಗೀರಥಿಗೂ ಹೇಳಿಲ್ಲ ಇದನ್ನು.

ಮಾರನೇ ದಿನ ಬೆಳಗ್ಗೆ ಐದೂವರೆಗೆ
ತಾರಸಿಯ ಮೇಲೆ ಶಾಲೆ ಶುರು.
ಟೀಚರೂ ನಾನೇ, ದಡ್ಡಿಯೂ ನಾನೇ.
ಬಾಯೇ ದೇಖ್: ಪಕ್ಕದ ಮನೆಯ ನೀರಿನ ಟ್ಯಾಂಕಿನ ತನಕ.
ದಾಯ್ನೇ ದೇಖ್: ಬಟ್ಟೆಹಗ್ಗದ ಎರಡನೇ ಕ್ಲಿಪ್ಪಿನ ತನಕ, ಅಲ್ಲಿ ಲಟಕ್.
ಗೋಡೆ ಹಿಡಿದು ಹಿಮ್ಮಡಿ ಎತ್ತು, ಇಳಿಸು,
ಬ್ರೇಕು ಒತ್ತುವುದು ಈ ಮೀನಖಂಡವೇ.
ಒಂಟಿಕಾಲಲ್ಲಿ ನಿಂತು ಹತ್ತು ಎಣಿಸು.
ಏಳಕ್ಕೇ ಬಿದ್ದೆಯಾ?
ಮತ್ತೆ ಒಂದರಿಂದ, ಮುದುಕಿ.

ಭಾಗೀರಥಿ ಮರದ ಸ್ಕೇಲನ್ನು ಮೇಲಿಂದ ಕೈಬಿಡುತ್ತಾಳೆ,
ನಾನು ಎರಡು ಬೆರಳಲ್ಲಿ ಹಿಡಿಯಬೇಕು.
ಆಷಾಢದಲ್ಲಿ ಇಪ್ಪತ್ತಾರಕ್ಕೆ ಸಿಕ್ಕಿತು.
ದೀಪಾವಳಿಗೆ ಇಪ್ಪತ್ತೊಂದು.
ಅದಕ್ಕಿಂತ ಕೆಳಗೆ ಬರಲೊಲ್ಲದು.
ಬರದಿದ್ದರೆ ಮುಂದಿನ ಬಸ್ಸಿಗೂ ನನಗೂ ನಡುವೆ
ಆ ಇಪ್ಪತ್ತೊಂದಕ್ಕೆ ಜಾಗ ಬಿಡುತ್ತೇನೆ, ಅಷ್ಟೇ.

ಕತ್ತಲಾದರೆ ಬೀಗದಕೈ ಅಕ್ಕಿ ಡಬ್ಬದೊಳಗೆ.
ಎದುರಿನ ಲೈಟು ಬಿದ್ದರೆ ಕಣ್ಣಿಗೆ ಹಾಲು ಚೆಲ್ಲಿದಂತಾಗುತ್ತದೆ.
ನೆಗಡಿ ಮಾತ್ರೆ ನುಂಗಿದ ದಿನ ಆಟೋ.
ಆಗುಂಬೆಯ ತಿರುವುಗಳನ್ನು
ಬೇರೆಯವರ ಕೈಗೆ ಬಿಟ್ಟುಕೊಟ್ಟೆ, ನಗುನಗುತ್ತಾ.
ಇಲ್ಲ, ಸುಳ್ಳು.
ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ.

ಗಾಜನೂರು ದಾಟಿ ಮಂಡಗದ್ದೆಗೆ ಹೊರಟರೆ ಈಗಲೂ
ಎಡಕ್ಕೋ ಬಲಕ್ಕೋ ಹೊಳೆ ಮಿಂಚುತ್ತದೆ,
ನಾನು ನೋಡುವುದಿಲ್ಲ. ಭಾಗೀರಥಿ ನೋಡಿ ಹೇಳುತ್ತಾಳೆ.
ಹಿಂದಿನ ಬೈಕಿನ ಹುಡುಗ 'ಅಜ್ಜೀ, ಸೈಡ್!' ಅಂತ ಕೂಗುತ್ತಾನೆ.
ಕೊಡುತ್ತೇನೆ. ಹಿಂದೆ ಆಗಿದ್ದರೆ
ಇಳಿದು ಎರಡು ರೌಂಡು ಓಡಿಸುತ್ತಿದ್ದೆ.

ಸಾವಧಾನ್ ಅಂತ ಮೈದಾನವೆಲ್ಲ ಕೇಳುವಂತೆ
ಎಷ್ಟು ಸಾವಿರ ಸಲ ಕೂಗಿರಬಹುದು ನಾನು!
ಉಸಿರು ಬಿಗಿ, ಎದೆ ಮುಂದೆ, ಕಂಬವಾಗು, ಅಂತ.
ಭಾಗೀರಥಿ ಬಿಸಿ ಕಾಫಿ ಲೋಟ ದಾಟಿಸುವಾಗ
ಅದನ್ನೇ ಹೇಳುತ್ತಾಳೆ, ಕೊನೆಗೊಂದು ಅ ಸೇರಿಸಿ,
ಸಾವಧಾನ.
ಆ ಒಂದು ಅ ದಕ್ಕುವುದಕ್ಕೆ
ನನಗೆ ಅರವತ್ತೊಂಬತ್ತು ವರ್ಷ ಹಿಡಿಯಿತು.

ಮೊನ್ನೆ ಮತ್ತೆ ಅದೇ ಬಜಾರು, ಅದೇ ಜಾಗ.
ಭಾಗೀರಥಿ ಹಿಂದೆ ನಿಂತು ಡಿಕ್ಕಿ ತಟ್ಟುತ್ತಾ
'ಬರ್ಲಿ, ಬರ್ಲಿ, ಹೋಲ್ಡಾನ್!'
ನಾನು ಕತ್ತು ತಿರುಗಿಸಿದೆ,
ನಾಲ್ಕನೇ ಕ್ಲಿಪ್ಪಿನ ತನಕ, ಪೂರ್ತಿ.
ಎಲ್ಲ ಕಂಡಿತು. ನಿಂಬೆಹಣ್ಣು, ಮಣೆ, ಮಗುವಿನ ಕೆಂಪು ಚಪ್ಪಲಿ,

ಮತ್ತು ನನ್ನನ್ನು ಕಂಡೊಡನೆ ಸಲಾಂ ಹೊಡೆದು
ಗಾಡಿಯನ್ನು ಎರಡು ಮಾರು ಆಚೆ ತಳ್ಳಿಕೊಳ್ಳುತ್ತಿದ್ದ
ಇಮ್ತಿಯಾಜ್.